ಕಬ್ಬಿನ ತೂಕ, ಜಗತ್ತಿನ ನ್ಯಾಯ



ಹಾರೂಗೇರಿಯ ರಸ್ತೆಗಳಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟುವ ಕಾಲ ನಮಗೆಲ್ಲ ಪರಿಚಿತ. ರೈತನ ಕಣ್ಣು ಮೊದಲು ಕಾರ್ಖಾನೆಯ ಕಾಟಾದ ಮೇಲೆ, ಬಳಿಕ ಬಿಲ್ಲಿನ ಮೇಲೆ. ಆದರೆ ಅದೇ ಕಬ್ಬಿನ ಬೆಲೆಯನ್ನು ದೂರದ ಜಿನೀವಾದಲ್ಲಿಯೂ ಒಂದು ತಕ್ಕಡಿ ತೂಗುತ್ತದೆಂಬುದನ್ನು ನಾವೆಂದಾದರೂ ಯೋಚಿಸಿದ್ದೇವೆಯೇ?

ಎರಡನೆಯ ಮಹಾಯುದ್ಧದ ತರುವಾಯ, 1947ರಲ್ಲಿ, ಭಾರತವೂ ಸೇರಿದಂತೆ 23 ರಾಷ್ಟ್ರಗಳು ‘ಗ್ಯಾಟ್’ ಒಪ್ಪಂದ ಮಾಡಿಕೊಂಡವು. ಒಬ್ಬರಿಗೆ ಕೊಟ್ಟ ರಿಯಾಯಿತಿ ಸದಸ್ಯರೆಲ್ಲರಿಗೂ ಸಲ್ಲಬೇಕೆಂಬುದೇ ಅದರ ತಿರುಳು. ಆದರೂ ಕೆಲವೇ ರಾಷ್ಟ್ರಗಳ ವ್ಯಾಪಾರ ಕೂಟಗಳಿಗೂ ಅದು ಎಡೆಗೊಟ್ಟಿತು. 1957ರ ರೋಮ್ ಒಪ್ಪಂದದಿಂದ ಯುರೋಪಿನ ಆರು ರಾಷ್ಟ್ರಗಳ ಕೂಟ ರೂಪುಗೊಂಡಿತು. ಯುದ್ಧದಲ್ಲಿ ಕಾದಾಡಿದವರು ಒಂದೇ ಮಾರುಕಟ್ಟೆಯವರಾದದ್ದು ಸಣ್ಣ ಮಾತಲ್ಲ. ಆದರೆ ಬೆಳೆದು ದೊಡ್ಡದಾದ ಆ ಕೂಟವೇ ತನ್ನ ಸಕ್ಕರೆಗೆ ಸಹಾಯಧನವಿತ್ತು ಹೊರಗೆ ಅಗ್ಗವಾಗಿ ಮಾರಿದಾಗ, ಇತರ ದೇಶಗಳ ಬೆಳೆಗಾರರು ನಲುಗಿದರು. 1995ರಲ್ಲಿ ಸ್ಥಾಪನೆಯಾದ ವಿಶ್ವ ವಾಣಿಜ್ಯ ಸಂಸ್ಥೆಗೆ ಬ್ರೆಜಿಲ್, ಆಸ್ಟ್ರೇಲಿಯಾ ಮತ್ತು ಥಾಯ್ಲೆಂಡ್ ದೂರು ಒಯ್ದು 2005ರಲ್ಲಿ ಗೆದ್ದವು.

ಸಂಸ್ಥೆಯ ಕಟ್ಟಳೆ ನಮ್ಮ ಬಾಗಿಲಿಗೂ ಬಂದಿತು. 2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ದೇಶಗಳು ಭಾರತದ ಮೇಲೆ ದೂರಿದವು. ನಮ್ಮ ಸರ್ಕಾರ ಗೊತ್ತುಪಡಿಸುವ ಕಬ್ಬಿನ ಬೆಲೆಯು, ಬೆಳೆಯ ಮೌಲ್ಯದ ಶೇಕಡಾ 10ರ ಮಿತಿಯನ್ನು ಮೀರಿದ ಬೆಂಬಲವೆಂದು 2021ರ ಡಿಸೆಂಬರಿನಲ್ಲಿ ತೀರ್ಪಾಯಿತು. ಹಣ ತೆರುವುದು ಕಾರ್ಖಾನೆಯೇ ಹೊರತು ಸರ್ಕಾರವಲ್ಲವೆಂಬ ಭಾರತದ ವಾದ ನಿಲ್ಲಲಿಲ್ಲ. ಭಾರತ ಮೇಲ್ಮನವಿ ಸಲ್ಲಿಸಿತು. ಆದರೆ ಕೇಳುವವರಾರು? ಹೊಸ ನ್ಯಾಯಾಧೀಶರ ನೇಮಕವನ್ನು ಅಮೆರಿಕ ತಡೆದಿದ್ದರಿಂದ ಮೇಲ್ಮನವಿ ಪೀಠವು 2019ರ ಡಿಸೆಂಬರಿನಲ್ಲಿಯೇ ಸ್ತಬ್ಧವಾಗಿತ್ತು.

ತೀರ್ಪು ತಡೆದು ನಿಂತದ್ದರಿಂದ ನಮ್ಮ ರೈತ ಉಳಿದನೆಂದು ನಾವು ಸಂತೋಷಪಡಬಹುದು. ಆದರೆ ನಾಳೆ ಬಲಾಢ್ಯ ರಾಷ್ಟ್ರವೊಂದು ನಮ್ಮ ಸರಕಿಗೆ ಅನ್ಯಾಯ ಮಾಡಿದರೆ, ನಾವು ಮೊರೆಯಿಡಬೇಕಾದದ್ದೂ ಅದೇ ಬರಿದಾದ ಪೀಠದೆದುರು. ಕಾಟಾ ಕೆಟ್ಟರೆ ನಷ್ಟ ಬಡವನಿಗೇ ಹೆಚ್ಚು. ಬಲವಂತನಿಗೆ ತೂಕದ ಹಂಗಿಲ್ಲ.

ಅಸಮಾನರ ನಡುವೆ ಮುಕ್ತ ವ್ಯಾಪಾರವೊಂದೇ ನ್ಯಾಯವಾಗಲಾರದೆಂದು ಜಗದ್ಗುರು ಆರನೇ ಪೌಲರು 1967ರ ‘ಪೊಪುಲೋರುಮ್ ಪ್ರೋಗ್ರೆಸ್ಸಿಯೊ’ ವಿಶ್ವಪತ್ರದಲ್ಲಿ ಎಚ್ಚರಿಸಿದರು. ಬಡ ರಾಷ್ಟ್ರಗಳು ಒಂಟಿಯಾಗಿ ಸೋಲದೆ ನೆರೆಯವರೊಡಗೂಡಿ ಮಾತುಕತೆ ನಡೆಸಬಹುದೆಂದು ಜಗದ್ಗುರು ಫ್ರಾನ್ಸಿಸ್ 2020ರ ‘ಫ್ರಾತೆಲ್ಲಿ ತೂತ್ತಿ’ಯಲ್ಲಿ ಬರೆದರು. ಅಂದರೆ ಕೂಟವೂ ಬೇಕು, ಕೂಟಗಳೆಲ್ಲ ತಲೆಬಾಗುವ ಸಾಮಾನ್ಯ ಕಟ್ಟಳೆಯೂ ಬೇಕು. ಆ ಕಟ್ಟಳೆ ಸಣ್ಣ ಹಿಡುವಳಿದಾರನ ಅನ್ನವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತೂಕದ ನ್ಯಾಯವನ್ನು ಪವಿತ್ರ ಗ್ರಂಥವು ಭಕ್ತಿಯ ವಿಷಯವಾಗಿಯೇ ಎಣಿಸಿದೆ. ನಮ್ಮ ಮನೆ, ಅಂಗಡಿ, ಹೊಲಗಳಲ್ಲಿ ಅದನ್ನು ಪಾಲಿಸುತ್ತಲೇ, ರಾಷ್ಟ್ರಗಳಿಂದಲೂ ಅದನ್ನೇ ಕೇಳೋಣ.