ಸಭೆಯಲ್ಲಿ ಕೇಳುವವರು ಬೇಕು

ಶಿವಮೊಗ್ಗ ಜಿಲ್ಲೆಯ ಶಾಂತವೇರಿ ಗೋಪಾಲಗೌಡರು ಎಂದೂ ಮಂತ್ರಿಯಾದವರಲ್ಲ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರ ನಿಂತವರು. 1952ರಲ್ಲಿ ಸಾಗರ-ಹೊಸನಗರದಿಂದ ಗೆದ್ದು ಮೈಸೂರು ವಿಧಾನಸಭೆಗೆ ಬಂದರು. 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಸಭೆಯಲ್ಲಿ ಸಮಾಜವಾದಿಗಳ ಸಂಖ್ಯೆ ಕಡಿಮೆ. ಆದರೂ ಉಳುವವನಿಗೆ ಭೂಮಿ ಯಾಕಿಲ್ಲ, ಆಡಳಿತ ಕನ್ನಡದಲ್ಲಿ ಯಾಕಿಲ್ಲ ಎಂದು ಮಂತ್ರಿಗಳನ್ನು ಬಿಡದೆ ಕೇಳಿದರು. 1972ರಲ್ಲಿ ತೀರಿಕೊಂಡರು. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಅದನ್ನು ಅವರು ಕಾಣಲಿಲ್ಲ.

ಆ ಕಾಯ್ದೆಯಿಂದ ರಾಜ್ಯದ ಎಷ್ಟೋ ಗೇಣಿದಾರರಿಗೆ ಜಮೀನು ಸ್ವಂತದ್ದಾಯಿತು. ಪಹಣಿ ಇದ್ದರೆ ತಾನೇ ಸೊಸೈಟಿ ಸಾಲ? ಆದ್ದರಿಂದ ನಮ್ಮ ಸರ್ವಸದಸ್ಯರ ಸಭೆಯಲ್ಲೂ ಹಿಂದೆ ಕೂತವರು ಎದ್ದು ಲೆಕ್ಕ ಕೇಳಬೇಕು. ಉತ್ತರ ಕೊಡೋದು ನಿರ್ದೇಶಕರಾದ ನಮ್ಮ ಕರ್ತವ್ಯ.