ಗಣಕಯಂತ್ರದ ಗೂಢಲಿಪಿ ಸಂಗ್ರಹ: ಕೀಲಿ ಕಡತದ ಗೋಪ್ಯತೆ ಮತ್ತು ಸುರಕ್ಷತೆ

ಪೀಠಿಕೆ

ವಿವಿಧ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ಆಧಾರ್, ಪಹಣಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಬ್ಯಾಂಕ್ ಪಾಸ್‌ಬುಕ್ ಮೊದಲಾದ ದಾಖಲೆಗಳನ್ನು ಸ್ಕ್ಯಾನ್ ಮಾಡಿ ತಮ್ಮ ಗಣಕಯಂತ್ರದಲ್ಲಿ ಇರಿಸಿಕೊಳ್ಳುತ್ತಾರೆ. ಇವು ಅನ್ಯರ ಕೈಸೇರದಂತೆ ಗೂಢಲಿಪಿಗೆ ಪರಿವರ್ತಿಸಿ ಸಂಗ್ರಹಿಸುವ ತಂತ್ರಾಂಶಗಳು ಲಭ್ಯವಿವೆ. ವಿಂಡೋಸ್‌ನ ಕೆಲವು ಆವೃತ್ತಿಗಳಲ್ಲಿರುವ ಬಿಟ್‌ಲಾಕರ್ ಹಾಗೂ ಉಚಿತವಾಗಿ ದೊರೆಯುವ ವೆರಾಕ್ರಿಪ್ಟ್ ಇದಕ್ಕೆ ಉದಾಹರಣೆಗಳು. ಹಿಂದೆ ಬಳಕೆಯಲ್ಲಿದ್ದ ಟ್ರೂಕ್ರಿಪ್ಟ್ ತಂತ್ರಾಂಶದ ಅಭಿವೃದ್ಧಿಯು 2014ರ ಮೇ ತಿಂಗಳಲ್ಲಿ ನಿಂತಿರುವುದರಿಂದ ಅದನ್ನು ಹೊಸದಾಗಿ ಬಳಸುವುದು ಸೂಕ್ತವಲ್ಲ.

ಕೀಲಿ ಕಡತ ಎಂದರೇನು?

ಗೂಢಲಿಪಿ ಸಂಗ್ರಹವನ್ನು ತೆರೆಯಲು ಪಾಸ್‌ವರ್ಡ್‌ನೊಂದಿಗೆ ಬಳಸುವ ಕಡತವೇ ಕೀಲಿ ಕಡತ. ಬ್ಯಾಂಕಿನ ಲಾಕರ್ ತೆರೆಯಲು ಬ್ಯಾಂಕಿನ ಕೀಲಿ ಮತ್ತು ಗ್ರಾಹಕರ ಕೀಲಿ ಎರಡೂ ಬೇಕಾಗುವಂತೆ, ಇಲ್ಲಿಯೂ ಪಾಸ್‌ವರ್ಡ್ ಮತ್ತು ಕೀಲಿ ಕಡತ ಎರಡೂ ಬೇಕಾಗುತ್ತವೆ. ಪಾಸ್‌ವರ್ಡ್ ಬೇರೆಯವರಿಗೆ ತಿಳಿದರೂ ಕೀಲಿ ಕಡತವಿಲ್ಲದೆ ದಾಖಲೆಗಳು ತೆರೆಯುವುದಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ಗ್ರಾಹಕರ ಕೀಲಿ ಕಳೆದುಹೋದಲ್ಲಿ ಬ್ಯಾಂಕು ಲಾಕರನ್ನು ಒಡೆದು ತೆರೆಸಿಕೊಡಬಲ್ಲದು. ಕೀಲಿ ಕಡತ ಕಳೆದುಹೋದಲ್ಲಿ ಸಂಗ್ರಹವನ್ನು ಯಾರೂ ತೆರೆದುಕೊಡಲಾರರು.

ಕೀಲಿ ಕಡತವನ್ನು ಆರಿಸುವಾಗ

1. ವೆರಾಕ್ರಿಪ್ಟ್‌ನಲ್ಲಿ ಯಾವುದೇ ಕಡತವನ್ನು ಕೀಲಿಯಾಗಿ ಬಳಸಬಹುದಾದರೂ, ತಂತ್ರಾಂಶವೇ ಸೃಷ್ಟಿಸಿಕೊಡುವ ಕೀಲಿ ಕಡತವು ಉತ್ತಮ.

2. ಅಂತರ್ಜಾಲದಿಂದ ಪಡೆದ ಹಾಡು, ಚಿತ್ರ ಅಥವಾ ಬಂಧುಮಿತ್ರರಿಗೆ ಕಳುಹಿಸಿದ ಛಾಯಾಚಿತ್ರವನ್ನು ಕೀಲಿಯಾಗಿ ಬಳಸಬಾರದು. ಅದರ ಪ್ರತಿ ಈಗಾಗಲೇ ಅನ್ಯರ ಬಳಿ ಇರುತ್ತದೆ.

3. ವೆರಾಕ್ರಿಪ್ಟ್ ಕೀಲಿ ಕಡತದ ಮೊದಲ 10,48,576 ಬೈಟ್‌ಗಳನ್ನು ಓದುತ್ತದೆ. ಈ ಭಾಗದಲ್ಲಿ ಅಲ್ಪ ಬದಲಾವಣೆಯಾದರೂ ಸಂಗ್ರಹವು ತೆರೆಯುವುದಿಲ್ಲ. ಛಾಯಾಚಿತ್ರವನ್ನು ತಿರುಗಿಸಿ ಉಳಿಸಿದರೂ ಇಂತಹ ಬದಲಾವಣೆ ಆಗಬಹುದು. ಕಡತದ ಹೆಸರನ್ನು ಮಾತ್ರ ಬದಲಿಸಿದಲ್ಲಿ ತೊಂದರೆಯಿಲ್ಲ.

ಕೀಲಿ ಕಡತವನ್ನು ಇರಿಸುವಾಗ

1. ಸಂಗ್ರಹವಿರುವ ಗಣಕಯಂತ್ರದಲ್ಲಿಯೇ ಕೀಲಿ ಕಡತವನ್ನು ಇರಿಸಬಾರದು. ಬೀಗದ ಪಕ್ಕದಲ್ಲಿಯೇ ಕೀಲಿಯನ್ನು ತೂಗುಹಾಕಿದರೆ ಬೀಗದಿಂದ ಪ್ರಯೋಜನವಿಲ್ಲ.

2. ಕೀಲಿ ಕಡತಕ್ಕೆಂದೇ ಪ್ರತ್ಯೇಕ ಪೆನ್‌ಡ್ರೈವ್ ಬಳಸತಕ್ಕದ್ದು. ಅದನ್ನು ಲ್ಯಾಪ್‌ಟಾಪ್ ಚೀಲದಲ್ಲಿ ಇರಿಸಬಾರದು. ಚೀಲ ಕಳುವಾದಲ್ಲಿ ಎರಡೂ ಒಟ್ಟಿಗೆ ಹೋಗುತ್ತವೆ.

3. ಈ ಪೆನ್‌ಡ್ರೈವನ್ನು ಸೈಬರ್ ಕೇಂದ್ರ ಅಥವಾ ಜೆರಾಕ್ಸ್ ಅಂಗಡಿಯ ಗಣಕಯಂತ್ರಕ್ಕೆ ಅಳವಡಿಸಬಾರದು. ಅರ್ಜಿಯ ದಾಖಲೆಗಳಿಗೆ ಬೇರೆ ಪೆನ್‌ಡ್ರೈವ್ ಒಯ್ಯುವುದು.

4. ಕೀಲಿ ಕಡತವನ್ನು ಇ-ಮೇಲ್ ಅಥವಾ ವಾಟ್ಸ್‌ಆ್ಯಪ್ ಮೂಲಕ ಕಳುಹಿಸಬಾರದು.

5. ಎರಡನೆಯ ಪ್ರತಿಯನ್ನು ಮತ್ತೊಂದು ಪೆನ್‌ಡ್ರೈವ್‌ನಲ್ಲಿ ಬೇರೆ ಸ್ಥಳದಲ್ಲಿ ಇರಿಸಿ, ಆಗಾಗ್ಗೆ ಅದರಿಂದ ಸಂಗ್ರಹವು ತೆರೆಯುವುದೇ ಎಂದು ಪರೀಕ್ಷಿಸುವುದು.

6. ಬಿಟ್‌ಲಾಕರ್ ಬಳಸುವವರು 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕಾಗದದಲ್ಲಿ ಮುದ್ರಿಸಿ, ಗಣಕಯಂತ್ರದಿಂದ ದೂರವಾಗಿ ಭದ್ರಪಡಿಸುವುದು. ಈ ಕೀಲಿಯೊಂದೇ ಡ್ರೈವನ್ನು ತೆರೆಯಲು ಸಾಕಾಗುವುದರಿಂದ ಅದೂ ಗೋಪ್ಯವಾಗಿರಬೇಕು.

7. ಕೆಲಸ ಮುಗಿದ ಕೂಡಲೇ ಸಂಗ್ರಹವನ್ನು ಮುಚ್ಚತಕ್ಕದ್ದು. ತೆರೆದಿರುವಷ್ಟು ಕಾಲ ಗಣಕಯಂತ್ರದ ಮುಂದೆ ಕುಳಿತವರೆಲ್ಲರಿಗೂ ದಾಖಲೆಗಳು ಲಭ್ಯವಿರುತ್ತವೆ.

ಕೀಲಿಯು ಅನ್ಯರ ಕೈಸೇರಿದಲ್ಲಿ

ಕೀಲಿ ಕಡತ ಅಥವಾ ಪಾಸ್‌ವರ್ಡ್ ಬದಲಿಸಿದರೆ ಸಾಕೆಂಬ ಭಾವನೆ ಸರಿಯಲ್ಲ. ವೆರಾಕ್ರಿಪ್ಟ್‌ನಲ್ಲಿ ಇವುಗಳನ್ನು ಬದಲಿಸಿದಾಗ ದಾಖಲೆಗಳನ್ನು ಗೂಢಲಿಪಿಗೊಳಿಸಿದ ಒಳಗಿನ ಮುಖ್ಯ ಕೀಲಿಯು ಬದಲಾಗುವುದಿಲ್ಲ. ಸಂಗ್ರಹದ ಹಳೆಯ ಪ್ರತಿಯನ್ನು ಹೊಂದಿರುವವರು ಹಳೆಯ ಕೀಲಿ ಕಡತ ಮತ್ತು ಪಾಸ್‌ವರ್ಡ್‌ನಿಂದ ಅದನ್ನು ತೆರೆಯಬಲ್ಲರು. ಆದ್ದರಿಂದ ಹೊಸ ಪಾಸ್‌ವರ್ಡ್ ಮತ್ತು ಹೊಸ ಕೀಲಿ ಕಡತದೊಂದಿಗೆ ಹೊಸ ಸಂಗ್ರಹವನ್ನು ಸೃಷ್ಟಿಸಿ, ದಾಖಲೆಗಳನ್ನು ಅದಕ್ಕೆ ವರ್ಗಾಯಿಸಿ, ಹಳೆಯ ಸಂಗ್ರಹವನ್ನು ಅದರ ಎಲ್ಲ ಪ್ರತಿಗಳೊಂದಿಗೆ ಅಳಿಸಿಹಾಕುವುದು.

ಡಿಜಿಟಲ್ ಸಹಿ ಹೊಂದಿರುವವರಿಗೆ

ಡಿಜಿಟಲ್ ಸಹಿಯ ಖಾಸಗಿ ಕೀಲಿಗೆ ಈ ಎಚ್ಚರಿಕೆಯು ಕಾನೂನಿನ ಕರ್ತವ್ಯವೂ ಆಗಿದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 42ನೇ ಪ್ರಕರಣದಂತೆ, ಖಾಸಗಿ ಕೀಲಿಯನ್ನು ಸ್ವಾಧೀನದಲ್ಲಿ ಇರಿಸಿಕೊಳ್ಳಲು ಸೂಕ್ತ ಎಚ್ಚರಿಕೆ ವಹಿಸುವುದು ಹಾಗೂ ಅದರ ಗೋಪ್ಯತೆಗೆ ಭಂಗವಾದಲ್ಲಿ ಪ್ರಮಾಣ ಪತ್ರ ನೀಡಿದ ಪ್ರಾಧಿಕಾರಕ್ಕೆ ವಿಳಂಬವಿಲ್ಲದೆ ತಿಳಿಸುವುದು ಅದನ್ನು ಪಡೆದವರ ಹೊಣೆ. ಹಾಗೆ ತಿಳಿಸುವವರೆಗೆ ಬಾಧ್ಯತೆಯು ಅವರದೇ ಆಗಿರುತ್ತದೆ.

ವಿಶೇಷ ಸೂಚನೆ

ಅರ್ಜಿಯ ಪರಿಶೀಲನೆಗೆ ದಾಖಲೆಯ ಪ್ರತಿ ಸಾಕು. ಇದಕ್ಕಾಗಿ ಕೀಲಿ ಕಡತವನ್ನಾಗಲಿ ಪಾಸ್‌ವರ್ಡನ್ನಾಗಲಿ ಯಾವುದೇ ಸಿಬ್ಬಂದಿಗೆ ಅಥವಾ ಮಧ್ಯವರ್ತಿಗೆ ನೀಡಬೇಕಾಗಿಲ್ಲ. ಕಳೆದುಹೋದ ಕೀಲಿಯಿಂದ ದಾಖಲೆಗಳು ಕೈತಪ್ಪುವ ಸಂಭವವಿರುವುದರಿಂದ, ಮೂಲ ಪತ್ರಗಳನ್ನು ಕಾಗದದ ರೂಪದಲ್ಲಿಯೂ ಜೋಪಾನವಾಗಿ ಉಳಿಸಿಕೊಳ್ಳತಕ್ಕದ್ದು.