ಕುಗ್ಗಿಸುವ ಕಲೆ: ಅಳತೆಪಟ್ಟಿಯಿಂದ ಗಣಕಯಂತ್ರದವರೆಗೆ

ಪ್ಯಾರಿಸ್ ನಗರದ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ತಲೆ ಮುರಿದುಹೋದ ಒಂದು ಕರಿಕಲ್ಲಿನ ಮೂರ್ತಿ ಇದೆ. ಸುಮಾರು 4,100 ವರ್ಷಗಳ ಹಿಂದೆ ಈಗಿನ ಇರಾಕಿನ ದಕ್ಷಿಣ ಭಾಗವನ್ನು ಆಳಿದ ಗುಡಿಯಾ ಎಂಬ ದೊರೆಯ ಮೂರ್ತಿ ಅದು. ಕುಳಿತ ದೊರೆಯ ತೊಡೆಯ ಮೇಲೊಂದು ಹಲಗೆ. ಹಲಗೆಯ ಮೇಲೆ ದೇವಾಲಯದ ಪ್ರಾಕಾರದ ನಕ್ಷೆ, ಗೆರೆ ಕೊರೆಯುವ ಕಡ್ಡಿ ಮತ್ತು ಗುರುತುಗಳಿರುವ ಒಂದು ಅಳತೆಪಟ್ಟಿ. ನಕ್ಷೆಯ ಜೊತೆಗೇ ಅಳತೆಪಟ್ಟಿಯನ್ನೂ ಕೆತ್ತಿರುವುದು ಗಮನಾರ್ಹ. ಹಲಗೆಯ ಮೇಲಿನ ಗೆರೆ ಎಷ್ಟು ಉದ್ದವಿದೆ ಎಂಬುದಕ್ಕಿಂತ, ಅದು ಎಷ್ಟು ಉದ್ದದ ಗೋಡೆಗೆ ಸಮ ಎಂಬುದೇ ನಕ್ಷೆಯ ಜೀವಾಳ.

ಎಲ್ಲ ಕಾಲದಲ್ಲೂ ಎಲ್ಲರೂ ಹೀಗೆ ಕುಗ್ಗಿಸಿಯೇ ಬರೆಯುತ್ತಿದ್ದರು ಎಂದೇನಿಲ್ಲ. ಇಂಗ್ಲೆಂಡಿನ ಯಾರ್ಕ್ ಮಿನ್‌ಸ್ಟರ್ ಚರ್ಚಿನಲ್ಲಿ ಮಧ್ಯಯುಗದ ಶಿಲ್ಪಿಗಳು ಬಳಸಿದ ಗಾರೆಯ ನೆಲವೊಂದು ಇಂದಿಗೂ ಉಳಿದಿದೆ. ಕಮಾನು, ಕಿಟಕಿಗಳ ಆಕಾರವನ್ನು ನಿಜಗಾತ್ರದಲ್ಲೇ ಆ ನೆಲದ ಮೇಲೆ ಗೀರಿ, ಅದರಂತೆ ಅಚ್ಚು ಕತ್ತರಿಸಿ ಕಲ್ಲು ಕೆತ್ತುತ್ತಿದ್ದರು. ಹಡಗು ಕಟ್ಟುವವರೂ ಹಡಗಿನ ಮೈಯ ಬಾಗುಗಳನ್ನು ವಿಶಾಲವಾದ ಅಟ್ಟದ ನೆಲದ ಮೇಲೆ ಇದ್ದಷ್ಟೇ ದೊಡ್ಡದಾಗಿ ಬಿಡಿಸುತ್ತಿದ್ದರು. ಕುಗ್ಗಿಸುವ ಲೆಕ್ಕವೇ ಇಲ್ಲದಿದ್ದರೆ ಆ ಲೆಕ್ಕ ತಪ್ಪುವ ಭಯವೂ ಇಲ್ಲ. ಆದರೆ ನೆಲವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋಗಲಾಗದು.

ಸುರುಳಿ ಸುತ್ತಲು ಬರುವುದು ಕಾಗದ. ಕಾಗದದ ಮೇಲೆ ಬರೆಯುವವನು ಮೊದಲ ಗೆರೆ ಎಳೆಯುವ ಮುನ್ನವೇ ಪ್ರಮಾಣವನ್ನು, ಎಂದರೆ ಎಂಜಿನಿಯರುಗಳು ಹೇಳುವ ‘ಸ್ಕೇಲ’ನ್ನು, ನಿರ್ಧರಿಸಬೇಕು. ಬೆಂಗಳೂರಿಗರಿಗೆ ಚಿರಪರಿಚಿತವಾದ 30-40 ಅಡಿ ನಿವೇಶನವನ್ನೇ ನೋಡಿ. ಒಂದು ಅಂಗುಲಕ್ಕೆ 8 ಅಡಿಯ ಪ್ರಮಾಣದಲ್ಲಿ ಬರೆದರೆ ಅದರ ಉದ್ದ 5 ಅಂಗುಲ, ಅಗಲ ಮೂರೂಮುಕ್ಕಾಲು ಅಂಗುಲ. ಒಂಬತ್ತು ಅಂಗುಲದ ಗೋಡೆ ಸುಮಾರು 2.4 ಮಿಲಿಮೀಟರ್ ಅಂತರದ ಎರಡು ಗೆರೆಗಳಾಗುತ್ತದೆ. ಬಾಗಿಲ ಚಿಲಕಕ್ಕೆ ಅಲ್ಲಿ ಜಾಗವೇ ಇಲ್ಲ. ಹೀಗೆ ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಎಂಬ ವಿವೇಕವನ್ನು ಪ್ರಮಾಣವೇ ನಕ್ಷೆಗಾರನಿಗೆ ಕಲಿಸುತ್ತಿತ್ತು.

ಕಾಗದವೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನದಿಂದ ಬಂದ ನೀಲಿನಕ್ಷೆಗಳನ್ನು ನೀರಿನಲ್ಲಿ ತೊಳೆದು ಒಣಗಿಸಬೇಕಾಗಿತ್ತು. ಒಣಗುವಾಗ ಕಾಗದ ಕುಗ್ಗುತ್ತಿತ್ತು, ಅದರೊಡನೆ ಗೆರೆಗಳೂ ಕುಗ್ಗುತ್ತಿದ್ದವು. ನಕ್ಷೆಯನ್ನು ಪಟ್ಟಿ ಇಟ್ಟು ಅಳೆಯಬೇಡಿ, ಬರೆದಿರುವ ಅಂಕಿಯನ್ನೇ ನಂಬಿ ಎಂಬ ಎಚ್ಚರಿಕೆಯ ಸಾಲು ನಕ್ಷೆಗಳ ಮೂಲೆಯಲ್ಲಿ ಕಾಣುವುದಕ್ಕೆ ಇಂಥ ಅನುಭವವೇ ಕಾರಣ.

ಈ ಕ್ರಮವನ್ನು ತಲೆಕೆಳಗು ಮಾಡಿದ್ದು ಗಣಕಯಂತ್ರ. 1963ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಸಂಶೋಧಕ ಐವನ್ ಸದರ್ಲೆಂಡ್ ‘ಸ್ಕೆಚ್‌ಪ್ಯಾಡ್’ ಎಂಬ ತಂತ್ರಾಂಶವನ್ನು ರೂಪಿಸಿದರು. ಬೆಳಕಿನ ಲೇಖನಿಯಿಂದ ಪರದೆಯನ್ನು ಮುಟ್ಟಿ ಗೆರೆ ಎಳೆಯಬಹುದಿತ್ತು, ಗುಂಡಿ ತಿರುಗಿಸಿ ಚಿತ್ರವನ್ನು ಹಿಗ್ಗಿಸಬಹುದಿತ್ತು, ಕುಗ್ಗಿಸಬಹುದಿತ್ತು. ಪರದೆಯ ಅಗಲ 7 ಅಂಗುಲವಷ್ಟೇ. ಆದರೆ ಅದರ ಹಿಂದಿದ್ದ ಕಾಲ್ಪನಿಕ ಕಾಗದದ ಅಗಲ ಸುಮಾರು ಕಾಲು ಮೈಲಿ! ಕಾಗದಕ್ಕೆ ಅಂಚೇ ಇಲ್ಲವೆನ್ನುವಂತಾದ ಮೇಲೆ ಕುಗ್ಗಿಸಿ ಬರೆಯುವುದೇಕೆ? 1982ರ ಕೊನೆಯಲ್ಲಿ ಆಟೋಡೆಸ್ಕ್ ಸಂಸ್ಥೆ ಹೊರತಂದ ‘ಆಟೋಕ್ಯಾಡ್’ ಈ ಸೌಲಭ್ಯವನ್ನು ಮೇಜಿನ ಮೇಲಿಡುವ ಸಣ್ಣ ಗಣಕಯಂತ್ರಗಳಿಗೆ ತಂದಿತು. 12 ಮೀಟರಿನ ಗೋಡೆಯನ್ನು 12 ಮೀಟರ್ ಎಂದೇ ಬರೆಯಿರಿ, ಕುಗ್ಗಿಸುವ ಕೆಲಸವನ್ನು ಮುದ್ರಿಸುವಾಗ ನೋಡಿಕೊಳ್ಳೋಣ ಎಂಬುದು ಹೊಸ ನಿಯಮವಾಯಿತು. ಯಾರ್ಕಿನ ಶಿಲ್ಪಿಗಳ ಗಾರೆಯ ನೆಲ ಪರದೆಯೊಳಗೆ ಮರಳಿ ಬಂದಂತಾಯಿತು.

ಆದರೆ ತೊಡಕು ಬೇರೆ ಬಾಗಿಲಿನಿಂದ ಒಳಬಂತು. ಗೋಡೆಗೆ ನಿಜವಾದ ಅಳತೆಯಿದೆ, ನಿಜ. ‘ಅಡುಗೆಮನೆ’ ಎಂಬ ಅಕ್ಷರಗಳಿಗೆ ಯಾವ ಅಳತೆ? ಅವು ಕಟ್ಟಡದಲ್ಲಿಲ್ಲ, ಓದುವವನ ಕಣ್ಣಿಗಾಗಿ ಮಾತ್ರ ಇವೆ. ನೂರಕ್ಕೆ ಒಂದರಂತೆ ಕುಗ್ಗಿಸಿ ಮುದ್ರಿಸುವಾಗ ಕಾಗದದ ಮೇಲೆ ಅಕ್ಷರ 3 ಮಿಲಿಮೀಟರ್ ಎತ್ತರ ಇರಬೇಕಾದರೆ, ಪರದೆಯ ಮನೆಯಲ್ಲಿ ಅದು 300 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಅಡಿ ಎತ್ತರ ನಿಲ್ಲಬೇಕು.

ಇನ್ನೂ ಸೂಕ್ಷ್ಮವಾದದ್ದು ತುಂಡುಗೆರೆ. ನಕ್ಷೆಯ ಭಾಷೆಯಲ್ಲಿ ತುಂಡುತುಂಡಾದ ಗೆರೆಗೆ ಅದರದೇ ಅರ್ಥವಿದೆ. ತಲೆಯ ಮೇಲಿನ ತೊಲೆ, ನೆಲದಡಿಯ ಕೊಳವೆ, ಮರೆಯಲ್ಲಿರುವ ಅಂಚು ಇವನ್ನೆಲ್ಲ ಅದು ಸೂಚಿಸುತ್ತದೆ. ತುಂಡುಗಳ ಉದ್ದವನ್ನು ನಿಗದಿಮಾಡುವ ಒಂದು ಅಂಕಿಯನ್ನು ತಂತ್ರಾಂಶಕ್ಕೆ ಪ್ರತ್ಯೇಕವಾಗಿ ಕೊಡಬೇಕು. ಅದು ತಪ್ಪಿದರೆ ವಿಚಿತ್ರ ಸಂಭವಿಸುತ್ತದೆ. ತುಂಡುಗಳು ತೀರಾ ಚಿಕ್ಕವಾದರೆ ಒಂದಕ್ಕೊಂದು ಅಂಟಿ ಅಖಂಡ ಗೆರೆಯಾಗಿ ಕಾಣುತ್ತವೆ. ತೀರಾ ದೊಡ್ಡವಾದರೆ ಗೆರೆಯ ಉದ್ದದೊಳಗೆ ಒಂದು ತುಂಡೂ ಹಿಡಿಸದೆ ಆಗಲೂ ಅಖಂಡವಾಗಿಯೇ ಕಾಣುತ್ತದೆ. ಮೇಲಿನ ತೊಲೆ ಕೆಳಗಿನ ಗೋಡೆಯಂತೆ ತೋರುತ್ತದೆ. ಗೆರೆಯ ಉದ್ದ ಕೂದಲೆಳೆಯಷ್ಟೂ ತಪ್ಪಿಲ್ಲ, ತಪ್ಪಿರುವುದು ಅರ್ಥ.

ಪರಿಹಾರಗಳು ನಿಧಾನವಾಗಿ ಬಂದವು. 1990ರ ಆಟೋಕ್ಯಾಡ್ ಆವೃತ್ತಿಯಲ್ಲಿ ನಿಜಗಾತ್ರದ ವಸ್ತುವಿಗೊಂದು, ಮುದ್ರಿಸುವ ಕಾಗದಕ್ಕೊಂದು ಎಂದು ಎರಡು ಬೇರೆ ಆವರಣಗಳಾದವು. ಕಾಗದದಲ್ಲಿ ಕಿಟಕಿ ತೆರೆದು, ಬೇಕಾದ ಪ್ರಮಾಣದಲ್ಲಿ ವಸ್ತುವನ್ನು ನೋಡುವ ವ್ಯವಸ್ಥೆ ಅದು. 2007ರಲ್ಲಿ ಬಂದ ಆವೃತ್ತಿಯಲ್ಲಿ ಅಕ್ಷರಗಳು ಕಿಟಕಿಯ ಪ್ರಮಾಣಕ್ಕೆ ತಕ್ಕಂತೆ ತಾವೇ ಹಿಗ್ಗಿ ಕುಗ್ಗುವುದನ್ನು ಕಲಿತವು.

ಬರೆದ ವಸ್ತುವನ್ನೇ ಹಿಗ್ಗಿಸುವ ಆಜ್ಞೆಯೂ ಈ ತಂತ್ರಾಂಶಗಳಲ್ಲಿದೆ. ಕದಲದ ಒಂದು ಬಿಂದುವನ್ನು ತೋರಿಸಿ ಎಷ್ಟು ಪಟ್ಟು ಎಂದು ಹೇಳಿದರಾಯಿತು. ಹಳೆಯ ನೀಲಿನಕ್ಷೆಯನ್ನು ಗಣಕಯಂತ್ರಕ್ಕೆ ಇಳಿಸಿಕೊಂಡವರಿಗೆ ಇದರಿಂದ ದೊಡ್ಡ ಉಪಕಾರವಾಗಿದೆ. ನಿಜವಾದ ಅಳತೆ ಗೊತ್ತಿರುವ ಒಂದೇ ಒಂದು ಗೋಡೆಯ ಎರಡು ತುದಿಗಳನ್ನು ತೋರಿಸಿ ಆ ಅಳತೆಯನ್ನು ಕೊಟ್ಟರೆ ಸಾಕು, ಉಳಿದುದೆಲ್ಲ ಅದೇ ಪ್ರಮಾಣದಲ್ಲಿ ಸರಿಹೊಂದುತ್ತದೆ.

ಆದರೆ ಹಿಗ್ಗಿಸುವುದೆಂದರೆ ವಿನ್ಯಾಸ ಮಾಡುವುದಲ್ಲ. ಕೋಣೆಯನ್ನು ಎರಡು ಪಟ್ಟು ಹಿಗ್ಗಿಸಿದರೆ ನೆಲ ನಾಲ್ಕು ಪಟ್ಟಾಗುತ್ತದೆ, ಒಂಬತ್ತು ಅಂಗುಲದ ಗೋಡೆ ಹದಿನೆಂಟಾಗುತ್ತದೆ. ತೊಲೆಯ ಎಲ್ಲ ಅಳತೆಗಳೂ ಇಮ್ಮಡಿಯಾದರೆ ಅದರ ತೂಕ ಎಂಟು ಪಟ್ಟು; ಆ ತೂಕವನ್ನು ಹೊರುವ ಅಡ್ಡಕೊಯ್ತದ ವಿಸ್ತಾರ ನಾಲ್ಕೇ ಪಟ್ಟು. 1638ರಲ್ಲಿ ಪ್ರಕಟವಾದ ತನ್ನ ಕೊನೆಯ ಗ್ರಂಥದಲ್ಲಿ ಗೆಲಿಲಿಯೋ ವಿವರಿಸಿದ್ದು ಈ ಸತ್ಯವನ್ನೇ. ಪರದೆಯ ಮೇಲಿನ ಗೆರೆಗೆ ಭಾರವಿಲ್ಲ, ಆದ್ದರಿಂದ ಅದು ಎಷ್ಟು ಹಿಗ್ಗಿದರೂ ಮುರಿಯುವುದಿಲ್ಲ.

ನಕ್ಷೆಗಾರ ಮೊದಲ ಗೆರೆಗೆ ಮುನ್ನ ಮಾಡುತ್ತಿದ್ದ ತೀರ್ಮಾನವನ್ನು ಯಂತ್ರ ಕೊನೆಗೆ ಸರಿಸಿತು, ತೆಗೆದುಹಾಕಲಿಲ್ಲ. ಚಿಲಕದ ತಿರುಪನ್ನೂ ಬಿಡದೆ ಬರೆಯಲು ಈಗ ಸಾಧ್ಯ. ಆದರೆ ಅದೇ ನಕ್ಷೆಯನ್ನು ಕುಗ್ಗಿಸಿ ಮುದ್ರಿಸಿದಾಗ ಬಾಗಿಲಿದ್ದ ಜಾಗದಲ್ಲಿ ಒಂದು ಕಪ್ಪು ಮಚ್ಚೆ ಮಾತ್ರ ಉಳಿಯುತ್ತದೆ. ಕಟ್ಟುವ ಜಾಗದಲ್ಲಿ ಬಿಸಿಲಿನಲ್ಲಿ ನಿಂತು ಆ ಹಾಳೆಯನ್ನು ಬಿಡಿಸಿ ನೋಡುವ ಮೇಸ್ತ್ರಿಗೆ ಪರದೆಯ ಮೇಲೆ ಹಿಗ್ಗಿಸಿ ನೋಡುವ ಅನುಕೂಲವಿಲ್ಲ. ಅವನ ಕೈಗೆ ಬರುವುದು ಕುಗ್ಗಿದ ಗೆರೆಗಳೇ. ಆ ಗೆರೆಗಳು ಅವನಿಗೆ ಸರಿಯಾಗಿ ಅರ್ಥವಾಗುವಂತೆ ನೋಡಿಕೊಳ್ಳುವ ಹೊಣೆ ಇಂದಿಗೂ ಬರೆದವನದೇ.